ಕೊಂಡಿ ಹಾಕುವವರ ಪಟ್ಟಿ

ಅಂಗಳ ಗುಡಿಸಿ ನೀರು ಚಿಮುಕಿಸುವುದು, ಒಲೆ ಸಾರಿಸಿ ಬೆಂಕಿ ಹೊತ್ತಿಸುವುದು, ನಾಲ್ಕೂವರೆಗೆ ಬರುವ ನಳದ ಮುಂದೆ ಕೊಡ ಇಟ್ಟು ಪಾಳಿ ಹಿಡಿಯುವುದು, ಅತ್ತೆಯ ಸ್ನಾನಕ್ಕೆ ನೀರು ಕಾಯಿಸುವುದು, ಹದಿನೈದು ರೊಟ್ಟಿ ಬಡಿಯುವುದು, ಗಂಡನ ಮಗ್ಗಕ್ಕೆ ಇಪ್ಪತ್ತು ಕಂಡಿಕೆ ನೂಲು ಸುತ್ತಿಡುವುದು. ಇಳಕಲ್ಲಿನ ಗುರುಲಿಂಗವ್ವ ಇಷ್ಟು ಮುಗಿಸುವ ಹೊತ್ತಿಗೆ ಮೂಡಲ ಕೆಂಪಾಗುತ್ತಿತ್ತು. ಆಮೇಲೆ ಮನೆಯವರು ಎದ್ದು, ಇನ್ನು ಕೆಲಸಕ್ಕೆ ಹತ್ತಬೇಕು ಅನ್ನುತ್ತಿದ್ದರು.

ಸೀರೆಯ ಮೈ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸಿ ಕೊಂಡಿ ಹಾಕುವುದೂ ಅವಳ ಪಾಲಿನದೇ. ಒಂದು ಸೀರೆಗೆ ಸಾವಿರಗಟ್ಟಲೆ ಎಳೆ. ಮೂವತ್ತನಾಲ್ಕಕ್ಕೇ ಕಣ್ಣು ಮಂಜಾಗಿ, ಈಚೆಗೆ ಕಂಡು ಹಾಕುವುದಕ್ಕಿಂತ ಬೆರಳಿಗೆ ತಿಳಿದಂತೆ ಹಾಕುವುದೇ ಹೆಚ್ಚಾಗಿತ್ತು.

ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಹುನಗುಂದದಲ್ಲಿ ಕಣ್ಣಿನ ಶಿಬಿರ ಬಂತು. ಕೊಂಡಿ ಹಾಕುವ ಹೆಂಗಸರಿಗೆ ಚಷ್ಮಾ ಕೊಡುತ್ತಾರಂತೆ, ಆದರೆ ಹೆಸರು ಎರಡು ಕಡೆ ಇರಬೇಕು: ನೇಕಾರರ ಸಂಘದ ಕೂಲಿ ರಿಜಿಸ್ಟರಿನಲ್ಲಿ, ಮತ್ತೆ ಮನೆಮನೆ ತಿರುಗಿ ಬರೆದುಕೊಂಡ ಸರ್ವೆ ಪಟ್ಟಿಯಲ್ಲಿ. ಎರಡನ್ನೂ ತಾಳೆ ನೋಡಿ ಪಟ್ಟಿ ಮಾಡಬೇಕಾದ ಸಂಘದ ಗುಮಾಸ್ತ ರಜೆ ಹಾಕಿದ್ದ. ಕಾರ್ಯದರ್ಶಿ ರಾಚಯ್ಯ ನೇರ ಅವಳ ಗಂಡನ ಹತ್ತಿರ ಬಂದ.

“ಸಂಗಯ್ಯಾ, ನಿನ್ನ ಹೇಣ್ತಿ ಏಳನೇತ್ತ ಪಾಸಾಗ್ಯಾಳಲ್ಲ, ನಾಕ ದಿನಾ ಕಳಿಸು.”

“ಕರಕೊಂಡ ಹೋಗ್ರಿ. ಮನ್ಯಾಗ ಅಕೀಗಿ ಏನ್ ಕೆಲಸ ಐತಿ” ಅಂದ ಸಂಗಯ್ಯ, ಅವಳು ಸುತ್ತಿಟ್ಟ ಕಂಡಿಕೆಯನ್ನು ಲಾಳಿಗೆ ತುಂಬುತ್ತ.

ರಿಜಿಸ್ಟರಿನಲ್ಲಿ ಎಂಬತ್ತನಾಲ್ಕು ಹೆಸರು. ಮೊದಲ ದಿನ ಮೂವತ್ತೊಂದು ಕೂಡಿದವು. ಉಳಿದವು ಏನು ಮಾಡಿದರೂ ಒಂದಕ್ಕೊಂದು ಒಗ್ಗಲಿಲ್ಲ. ಸರ್ವೆಯವರು ಬಾಗಿಲಲ್ಲಿ ನಿಂತು ಗಂಡನ ಹೆಸರು ಕೇಳಿದ್ದರು. ಯಾವ ಗರತಿ ಗಂಡನ ಹೆಸರು ಹೇಳುತ್ತಾಳೆ? ಎದುರು ಮನೆಯವರು ತಮಗೆ ತಿಳಿದ ಅಡ್ಡಹೆಸರು ಕೂಗಿದ್ದರು. ಗಂಡಸರು ಇದ್ದ ಕಡೆ ಅವರು ಹೆಂಡತಿಯ ತವರಿನ ಹೆಸರು ಬರೆಸಿದ್ದರು. ಒಬ್ಬ ಪುಣ್ಯಾತ್ಮ ‘ನಮ್ಮ ಮನಿಯಾಕಿ’ ಅಂದಿದ್ದ, ಅದನ್ನೇ ಬರೆದುಕೊಂಡಿದ್ದರು.

“ಕೂಡದ್ದನ್ನ ಹೊಡದ ಹಾಕು” ಅಂದ ರಾಚಯ್ಯ. “ಗುರುವಾರ ಮುಂಜಾನಿ ಬಸ್ಸಿಗೆ ಪಟ್ಟಿ ಹೋಗಬೇಕು.”

“ಐವತ್ತಮೂರು ಮಂದಿರಿ ಅಣ್ಣಾರ. ಕಣ್ಣ ಹೋದ ಮ್ಯಾಲೆ ನಿಮ್ಮ ಸೀರಿಗೆ ಸೆರಗ ಯಾರ ಕೂಡಸ್ತಾರ?”

ಮರುದಿನ ನಸುಕಿನಲ್ಲಿ ಪಟ್ಟಿಯನ್ನು ನಳಕ್ಕೇ ಒಯ್ದಳು. ಪಾಳಿಯ ಮುಂದೆ ಶಿವಬಸವ್ವ ಇದ್ದಳು, ಅರವತ್ತು ದಾಟಿದಾಕೆ.

“ನಿನ್ನ ಗಂಡನ ಹೆಸರೇನಬೇ?”

“ಹೇಳಿ ಅವನ ಆಯುಷ್ಯ ಕಳೀಲೇನು? ಇರಾವ ಒಬ್ಬಾವ.”

“ಇಬ್ಬರ ಇದ್ರ ಒಬ್ಬನ ಹೆಸರ ಹೇಳತಿದ್ದೇನು ಮುದುಕಿ” ಅಂದಳು ಹಿಂದಿನಿಂದ ಬಾನುಬಿ. ಕೊಡಗಳ ಸಾಲು ಪೂರಾ ನಕ್ಕಿತು.

ಗುರುಲಿಂಗವ್ವ ಪಟ್ಟಿ ತಿರುಗಿಸಿ ನೋಡಿದಳು. ಕೂಲಿ ರಿಜಿಸ್ಟರಿನಲ್ಲಿ ಗಂಡನ ಹೆಸರಿಲ್ಲ, ಮಗ್ಗದ ಮಾಲಕನ ಹೆಸರಿದೆ.

“ಗಂಡನ್ನ ಬಿಡು. ಯಾರ ಮಗ್ಗಕ್ಕ ಕೊಂಡಿ ಹಾಕ್ತಿ?”

“ಲಕ್ಷ್ಮಪ್ಪನ ಮಗ್ಗಕ್ಕ. ಗೋಮಿ ದಡಿ ಸೀರಿ. ಹನ್ನೊಂದ ವರ್ಷಾತು.”

ಮಾಲಕನ ಹೆಸರು ಕೂಗಿ ಹೇಳಲು ಯಾರಿಗೂ ನಾಚಿಕೆಯಿರಲಿಲ್ಲ. ಮಗ್ಗ ಸಿಕ್ಕರೆ ಆಳು ಸಿಕ್ಕಳು, ಪಕ್ಕದಲ್ಲಿ ಸರ್ವೆಯ ಮನೆ ನಂಬರು ಬಿತ್ತು. ರಿಜಿಸ್ಟರಿನ ನೀಲವ್ವ, ಸರ್ವೆಯ ನೀಲಾಬಾಯಿ, ನಳದ ಮುಂದಿನ ನೀಲಿ ಮೂವರೂ ಒಬ್ಬಳೇ ಆದರು. ಬರೆಯುತ್ತ ನಿಂತವಳ ಪಾಳಿ ತಪ್ಪದಂತೆ ಬಾನುಬಿ ಅವಳ ಕೊಡಗಳನ್ನೂ ತುಂಬಿಟ್ಟಳು. ಮೂರು ನಸುಕಿನಲ್ಲಿ ಎಂಬತ್ತಮೂರು ಹೆಸರು ಕೂಡಿದವು. ನೀರು ಹೊತ್ತು ಮನೆಗೆ ಬರುವಾಗ ಗುರುಲಿಂಗವ್ವನಿಗೆ ಹಾಡು ಗುನುಗುವಷ್ಟು ಹಿಗ್ಗು.

ಉಳಿದವಳು ರಂಗವ್ವ. ಹೋದ ವರ್ಷವೇ ಮಗನ ಜೊತೆ ಕುಳಗೇರಿ ಕ್ರಾಸಿಗೆ ಹೋಗಿ ಚಹಾದಂಗಡಿ ಹಾಕಿದ್ದಳು.

“ಹೊಡದ ಹಾಕಬ್ಯಾಡ” ಅಂದ ರಾಚಯ್ಯ, ಬುಧವಾರ ಮಧ್ಯಾಹ್ನ. “ಅಕಿ ಹೆಸರಿಗೆ ನಿನ್ನ ಮನಿ ನಂಬರ ಹಚ್ಚು. ಶಿಬಿರದಾಗ ರಂಗವ್ವ ಅಂತ ಕರದ್ರ ಓ ಅನ್ನು. ನಿನಗೂ ಒಂದ ಚಷ್ಮಾ ಆಗ್ತೈತಿ.”

“ನನ್ನ ಹೆಸರಲೇ ಆಗಾಂಗಿಲ್ಲೇನ್ರಿ?”

“ನೀ ಗಂಡನ ಮಗ್ಗಕ್ಕ ಮಾಡ್ತಿ. ಅದು ಮನಿಗೆಲಸ ತಂಗಿ, ರಿಜಿಸ್ಟರಿನ್ಯಾಗ ಬರೂದಿಲ್ಲ.” ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಉಪಕಾರವನ್ನೇ ಮಾಡುತ್ತಿದ್ದ. ಪಟ್ಟಿಯ ಕೊನೆಯ ಹಾಳೆಯ ತಳಕ್ಕೆ ಮೊದಲೇ ಸಹಿ ಹಾಕಿಟ್ಟು, ಕೀಲಿ ಅವಳ ಕೈಗೆ ಕೊಟ್ಟು ಊಟಕ್ಕೆ ಹೋದ.

ಆಫೀಸಿನಲ್ಲಿ ಅವಳೊಬ್ಬಳೇ. ರಂಗವ್ವನಿಗೆ ಗೊತ್ತಾದರೂ ನಕ್ಕು, ಹಾಕ್ಕೋ ನಮ್ಮವ್ವಾ ಅಂದಾಳು. ಮನೆಯಲ್ಲಿ ಅರ್ಧ ಕೊಂಡಿ ಹಾಕಿದ ಸೆರಗು ಕಾಯುತ್ತಿತ್ತು. ಸರ್ವೆ ಪಟ್ಟಿ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು, ಮೊದಲ ಹಾಳೆಯಿಂದ ನೋಡುತ್ತ ಬಂದಳು. ಉದ್ಯೋಗ: ಮನೆಗೆಲಸ. ಮನೆಯಲ್ಲಿ ಮಗ್ಗ: ಒಂದು. ಹಾಗೆ ಬರೆದ ಮನೆ ಅವಳದೂ ಸೇರಿ ಹತ್ತೊಂಬತ್ತು. ಆ ಮನೆಗಳ ಹೆಂಗಸರನ್ನೂ ಪಟ್ಟಿಗೆ ಸೇರಿಸಿದ ಮೇಲೆ ಹುನಗುಂದದವರು ಕೂಲಿ ರಿಜಿಸ್ಟರು ತರಿಸಿ ನೋಡಿದರೆ ಹತ್ತೊಂಬತ್ತನ್ನೂ ಹೊಡೆದುಹಾಕಬಹುದು. ಆಗ ಅವಳಿಗೂ ಚಷ್ಮಾ ಇಲ್ಲ.

ಪಟ್ಟಿ ಇಟ್ಟು ಒಂದು ಲೋಟ ನೀರು ಕುಡಿದಳು. ಆಮೇಲೆ ಪಟ್ಟಿಗೆ ಅಡಿಕೋಲು ಇಟ್ಟು ರಂಗವ್ವನ ಹೆಸರಿನ ಮೇಲೆ ನೆಟ್ಟಗೆ ಗೆರೆ ಎಳೆದಳು. ಕೆಳಗೆ ಎಂಬತ್ತೈದು ಅಂತ ಹಾಕಿ, ಗುರುಲಿಂಗವ್ವ ಅಂತ ಬರೆದಳು. ಉದ್ಯೋಗದ ಮುಂದೆ ಕೊಂಡಿ ಹಾಕುವುದು, ಯಾರ ಮಗ್ಗ ಅನ್ನುವ ಕಡೆ ಸ್ವಂತದ್ದು ಅಂತ ತುಂಬಿ, ಎಂಬತ್ತಾರಕ್ಕೆ ಕೈ ಹಾಕಿದಳು.