ಗಿರಿಜತ್ತೆ ಹಂಚಿದ ಹನ್ನೆರಡು ಟ್ಯೂಬು

ಕೊಟ್ಟ ತಾಂಬೂಲವನ್ನು ವಾಪಸ್ ಕೇಳುವುದು ಹೇಗೆ?

ಹೋದ ವಾರ ನಮ್ಮ ಗಿರಿಜತ್ತೆ ನನ್ನ ಮುಂದಿಟ್ಟ ಪ್ರಶ್ನೆ ಇದು. ಉತ್ತರ ಗೊತ್ತಿದ್ದವರು ಮೈಸೂರಿನ ಬೋಗಾದಿಯಲ್ಲಿರುವ ಅವರ ಮನೆಗೇ ಹೋಗಿ ಹೇಳಬಹುದು. ಕಾಫಿ ಗ್ಯಾರಂಟಿ.

ಆದದ್ದಿಷ್ಟು. ಅತ್ತೆ ಮತ್ತು ಅವರ ಹನ್ನೆರಡು ಜನ ಗೆಳತಿಯರು ಅಂಡಮಾನ್ ಟೂರಿಗೆ ಹೊರಟಿದ್ದಾರೆ. (ಗಂಡಂದಿರನ್ನು ಬಿಟ್ಟು. ಅರ್ಧ ಸುಖ ಅಲ್ಲೇ ಇದೆ.) ಅತ್ತೆ ಎಲ್ಲರನ್ನೂ ಅರಿಶಿನ ಕುಂಕುಮಕ್ಕೆ ಕರೆದು, ತಾಂಬೂಲದ ಜೊತೆ ಕುಂಕುಮದ ಬೊಟ್ಟಿಟ್ಟ ಒಂದೊಂದು ಟ್ಯೂಬ್ ಸನ್‌ಸ್ಕ್ರೀನ್ ಕೊಟ್ಟರು. ಮಂಡಿ ಮೊಹಲ್ಲಾದ ಹೋಲ್‌ಸೇಲ್ ಮಾಲು. "ಎಲ್ರೂ ರವಿಕೆ ಕಣ ಕೊಡ್ತಾರೆ ಕಣೇ. ನಾನು ಉಪಯೋಗಕ್ಕೆ ಬರೋದು ಕೊಟ್ಟೆ" ಎಂದು ಬೀಗಿದರು.

ಹದಿನೈದು ದಿನಕ್ಕೆ ಅತ್ತೆಯ ಫೋನಿಗೆ ಟೂರಿನವರ ವಾಟ್ಸಾಪ್ ಮೆಸೇಜು: ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ತರಬೇಡಿ, ಹವಳದ ದಿಬ್ಬಗಳಿಗೆ ಹಾನಿ.

ಟ್ಯೂಬುಗಳು ಬಂದಿದ್ದ ಖಾಲಿ ಪೆಟ್ಟಿಗೆಯ ಮೇಲಿನ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿ ಹೇಳಿದೆ. "ಇದೆ ಅತ್ತೆ."

"ಹವಳಕ್ಕೆ ಜೀವ ಇರತ್ತಾ? ಕಲ್ಲಲ್ವೇನೇ ಅದು?"

"ಜೀವಾನೇ."

ಅತ್ತೆ ಕುಸಿದು ಕೂತರು. "ಕುಂಕುಮ ಇಟ್ಟು ವಿಷ ಹಂಚ್ಬುಟ್ನಲ್ಲೇ! ಶುಕ್ರವಾರ ಹೊರಡೋದ್ರೊಳಗೆ ಹನ್ನೆರಡೂ ವಾಪಸ್ ಬರ್ಬೇಕು."

"ಡೇಟ್ ಮುಗಿದಿದೆ ಅಂತ ಹೇಳಿ."

"ಹಳೇದು ಕೊಟ್ಳು ಅನ್ನಿಸ್ಕೊಳ್ಲಾ?"

ಕೊನೆಗೆ 'ಕಂಪನಿಯವರು ಬದಲಾಯಿಸಿ ಕೊಡ್ತಿದ್ದಾರೆ' ಎಂಬ ಸುಳ್ಳನ್ನು ಹೊತ್ತು ಇಬ್ಬರೂ ಮನೆಮನೆ ಹತ್ತಿದೆವು.

ಸರೋಜಮ್ಮನ ಮುಖ ಸಣ್ಣಗಾಯಿತು. "ಅದಾ... ಬೀರುನಲ್ಲಿದೆ ಕಣ್ರೀ. ಬೀಗದ ಕೈ ಯಜಮಾನ್ರ ಹತ್ರ." ಶಾಂತಮ್ಮ ನೇರ ಮನುಷ್ಯೆ. "ಹೆಬ್ಬಾಳದಲ್ಲಿ ನಮ್ಮ ನಾದಿನಿ ಮಗೂಗೆ ನಾಮಕರಣ ಇತ್ತಲ್ಲ, ಅಲ್ಲಿ ಕೊಟ್ಬುಟ್ಟೆ." ಹನ್ನೊಂದು ಮನೆ ಮುಗಿದವು. ಹನ್ನೊಂದು ಟ್ಯೂಬೂ ಕೈಯಿಂದ ಕೈಗೆ ದಾಟುವ ರವಿಕೆ ಕಣದ ದಾರಿಯನ್ನೇ ಹಿಡಿದಿದ್ದವು!

"ಒಬ್ಬಳಾದ್ರೂ ಮುಚ್ಚಳ ತೆಗೆದು ನೋಡಿದಾಳಾ?" ಅತ್ತೆ ಹಲ್ಲು ಕಡಿದರು.

"ಒಳ್ಳೇದೇ ಆಯ್ತಲ್ಲ. ಯಾರೂ ಅಂಡಮಾನ್‌ಗೆ ತಗೊಂಡು ಹೋಗಲ್ಲ."

"ಸುಮ್ನಿರೇ. ಈಗ ಯಾರ ಕೈಲಿದ್ಯೋ, ಅವ್ರು ಲಕ್ಷದ್ವೀಪಕ್ಕೆ ಹೋದ್ರೆ? ಗೊತ್ತಿಲ್ದೆ ಆಯ್ತು ಅಂತ ಹವಳಕ್ಕೆ ಹೇಳೋಕಾಗತ್ತಾ?"

ಹವಳಕ್ಕೆ ದೊಡ್ಡ ಶತ್ರು ಬಿಸಿಯೇರುತ್ತಿರುವ ಸಮುದ್ರ, ಕ್ರೀಮಿನ ಪಾಲು ಎಷ್ಟೆಂಬ ಬಗ್ಗೆ ವಿಜ್ಞಾನಿಗಳಲ್ಲೇ ವಾದವಿದೆ, ನಿಜ. ಹಾಗಂತ ಸಮುದ್ರವನ್ನು ತಣ್ಣಗಾಗಿಸುವುದು ನನ್ನ ಕೈಲಿಲ್ಲ, ಟ್ಯೂಬು ಇದೆ. ಪೆಸಿಫಿಕ್ಕಿನ ಕೆಲವು ದ್ವೀಪಗಳಲ್ಲಿ ಇಂಥ ಕ್ರೀಮು ಮಾರುವಂತೆಯೇ ಇಲ್ಲ. ನಮ್ಮಲ್ಲಿ? ನನಗೆ ತಿಳಿದಂತೆ ಟೂರಿನವರ ಮೆಸೇಜೇ ಕಾನೂನು. ಹನ್ನೆರಡು ಟ್ಯೂಬಿನ ಹಿಂದೆ ಓಡಿಯೇ ನಮ್ಮ ಕಾಲು ಬಿದ್ದುಹೋಯಿತು. ಫ್ಯಾಕ್ಟರಿ ಬಾಗಿಲಲ್ಲೇ ತಡೆದಿದ್ದರೆ ಈ ಪಾಡಿತ್ತಾ?

ಕೊನೆಯದು ವಿಮಲಮ್ಮನ ಮನೆ. ಅವರದೂ ವಾರಗಿತ್ತಿಗೆ ಹೋಗಿತ್ತು. ಸೋತು ಎದ್ದ ನಮ್ಮನ್ನು ಬರಿಗೈಲಿ ಕಳಿಸುತ್ತಾರೆಯೇ? "ಕುಂಕುಮ ತಗೊಳ್ರೀ" ಎಂದು ಅತ್ತೆಯ ಸೆರಗಿಗೆ ಎಲೆ, ಅಡಿಕೆ, ಬಾಳೆಹಣ್ಣು ಹಾಕಿದರು. ಅದರ ಮೇಲೊಂದು ಟ್ಯೂಬು. ಯಾರ್ಯಾರ ಮನೆ ಸುತ್ತಿ ಬಂದಿತ್ತೋ, ಅತ್ತೆ ಇಟ್ಟ ಕುಂಕುಮದ ಬೊಟ್ಟು ಇನ್ನೂ ಹಾಗೇ ಇತ್ತು.

ಅತ್ತೆ ಸಿಟ್ಟಾಗಬೇಕಿತ್ತು. ಗೇಟು ದಾಟಿದ್ದೇ ನನ್ನ ಕೈ ಹಿಡಿದು ಕುಣಿದರು. "ಒಂದು ಸಿಕ್ತು ಕಣೇ!"

ಉಳಿದ ಹನ್ನೊಂದು ಇನ್ನೂ ಮೈಸೂರು ಸುತ್ತುತ್ತಿವೆ. ಈಚೆಗೆ ನಿಮಗೆ ಯಾರಾದರೂ ತಾಂಬೂಲ ಕೊಟ್ಟರಾ?