ಇಬ್ಬರು ಬೇಕಾದ ಡೀಸೆಲ್ ಫಿಲ್ಟರ್

ನನಗೆ ಕೆಲಸದ ಆರ್ಡರ್ ಬಂದದ್ದು ಎಂಬತ್ಮೂರನೇ ಇಸವಿಯಲ್ಲಿ. ಪಾವಗಡದ ಒಂದು ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿ. ಹದಿನೈದು ದಿನದೊಳಗೆ ಹಾಜರಾಗದಿದ್ದರೆ ಆರ್ಡರ್ ರದ್ದಾಗುತ್ತದೆ, ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದು ಅದರ ಕೊನೆಯ ಸಾಲಿನಲ್ಲಿತ್ತು. ನಾನು ಮೂರನೇ ದಿನವೇ ಹೊರಡುವವಳಿದ್ದೆ, ಅಮ್ಮ ಬಿಡಲಿಲ್ಲ. ಒಂದು ದಿನ ಅಮಾವಾಸ್ಯೆ ಅಂದಳು, ಒಂದು ದಿನ ಮಂಗಳವಾರ ಅಂದಳು, ಆಮೇಲೆ ದೂರದ ನೆಂಟರ ಕಡೆಯಿಂದ ಒಂದು ಸೂತಕ ಬಂತು. ದಿನಚರಿಯಲ್ಲಿ ಒಂದೊಂದೇ ದಿನ ಗೀಟು ಹಾಕುತ್ತಾ ಹೋದೆ. ಕೊನೆಗೆ ಅಮ್ಮನಿಗೆ ಒಪ್ಪಿಗೆಯಾದದ್ದು ಹದಿನೈದನೆಯ ದಿನ, ಸೋಮವಾರ.

ನಮ್ಮೂರು ಕೊರಟಗೆರೆಗೆ ಹತ್ತಿರ. ಬೆಳಗ್ಗೆ ಒಂಬತ್ತಕ್ಕೆ ಬರುವ ಬಸ್ಸು ಅವತ್ತು ಬರಲಿಲ್ಲ. ಮದುವೆ ದಿಬ್ಬಣಕ್ಕೆ ಹೋಗಿದೆ ಅಂತ ಒಂಬತ್ತೂವರೆಗೆ ಗೊತ್ತಾಯಿತು. ಟ್ರಂಕು, ಹಾಸಿಗೆ ಸುರುಳಿ, ಸೀಮೆಎಣ್ಣೆ ಸ್ಟೌ ಎಲ್ಲ ಜಗಲಿಯ ಮೇಲಿದ್ದವು. ಅಷ್ಟರಲ್ಲಿ ಗೋಡೆಯಾಚೆಯಿಂದ ಚಿಕ್ಕಪ್ಪ ಪಿಕಪ್ ಗಾಡಿ ಹೊರಗೆ ತೆಗೆದ ಸದ್ದಾಯಿತು. ನಮ್ಮ ಬಾಗಿಲಿಗೆ ತಂದು ನಿಲ್ಲಿಸಿ, ಯಾರನ್ನೂ ನೋಡದೆ ಟ್ರಂಕನ್ನು ಎತ್ತಿ ಹಿಂದಕ್ಕೆ ಹಾಕಿದ. ಅಪ್ಪ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೋಗಿ ಗಾಡಿಯ ಹಿಂಭಾಗದಲ್ಲಿ ನನ್ನ ಹಾಸಿಗೆ ಸುರುಳಿಯ ಮೇಲೆ ಕುಳಿತರು.

ಅವರಿಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಮನೆ ಪಾಲಾಗಿ ನಡುವೆ ಗೋಡೆ ಎದ್ದಿತ್ತು. ಗಾಡಿ ಚಿಕ್ಕಪ್ಪನ ಕಡೆಗೆ ಹೋಗಿತ್ತು. ಮಾತು ಬಿಟ್ಟದ್ದಕ್ಕೆ ಕಾರಣ ಏನೆಂದು ಇಬ್ಬರೂ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ನನ್ನ ಮೂಲಕ ಹೇಳುತ್ತಿದ್ದರು. ‘ನಿಮ್ಮ ಚಿಕ್ಕಪ್ಪಂಗೆ ಹೇಳು, ಬಾವಿ ಮೋಟರು ಇವತ್ತು ನಮ್ದು.’ ‘ನಿಮ್ಮಪ್ಪಂಗೆ ಹೇಳು, ಗೊತ್ತೈತೆ ಅಂತ.’ ಇಬ್ಬರೂ ಒಂದೇ ಅಂಗಳದಲ್ಲಿ ಎದುರುಬದುರು ನಿಂತಿರುತ್ತಿದ್ದರು, ನಾನು ನಡುವೆ. ಒಂದು ಬೇಸಗೆ ರಜದಲ್ಲಿ ನಾನು ಇದರ ಲೆಕ್ಕವನ್ನೂ ಇಟ್ಟಿದ್ದೆ. ಒಂದು ವಾರದಲ್ಲಿ ಇಪ್ಪತ್ತಾರು ಸಲ. ಅದರಲ್ಲಿ ಅವರು ಹೇಳಿದ್ದನ್ನು ಹೇಳಿದ ಹಾಗೇ ಮುಟ್ಟಿಸಿದ್ದು ಹತ್ತೋ ಹನ್ನೊಂದೋ. ಉಳಿದವಕ್ಕೆ ನಾನೇ ಸ್ವಲ್ಪ ಬೆಲ್ಲ ಹಾಕುತ್ತಿದ್ದೆ.

ಮಧುಗಿರಿಗೆ ಇನ್ನೂ ಎರಡು ಮೈಲಿ ಇದೆ ಅನ್ನುವಾಗ ಗಾಡಿ ಕೆಮ್ಮತೊಡಗಿತು. ಏರಿನಲ್ಲಿ ಉಸಿರು ಕಟ್ಟಿದ ಹಾಗೆ ಆಗುವುದು, ಇಳಿಜಾರಿನಲ್ಲಿ ಸರಿಹೋಗುವುದು. ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದೆ ಅಂದ ಚಿಕ್ಕಪ್ಪ. ಮಧುಗಿರಿ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಹೊಸ ಫಿಲ್ಟರ್ ಕೊಂಡು ನನ್ನ ಕೈಗೆ ಕೊಟ್ಟ. ಇಲ್ಲೇ ಹಾಕಿಬಿಡಬಾರದಾ ಅಂತ ಕೇಳಿದೆ. ಅದನ್ನು ಹಾಕಬೇಕಾದರೆ ಅರ್ಧ ಗಾಡಿ ಬಿಚ್ಚಬೇಕು, ಪಾವಗಡಕ್ಕೆ ಮುಟ್ಟಿಸಿ ಆಮೇಲೆ ನೋಡುತ್ತೇನೆ ಅಂದ. ಆಗ ಹನ್ನೆರಡು ಗಂಟೆ, ಪಾವಗಡದ ಬಸ್ಸು ಹೋಗಿಯಾಗಿತ್ತು, ಮುಂದಿನದು ಸಂಜೆಗೆ. ನಾನು ಐದೂವರೆಯೊಳಗೆ ಕಚೇರಿಯಲ್ಲಿರಬೇಕಿತ್ತು. ತೊಡೆಯ ಮೇಲೆ ಫಿಲ್ಟರ್ ಡಬ್ಬಿ, ಅದರ ಕೆಳಗೆ ಆರ್ಡರ್ ಇಟ್ಟ ಲಕೋಟೆ. ಗಡಿಯಾರ ನೋಡುವುದು, ಇಂಜಿನ್ ಸದ್ದು ಕೇಳುವುದು, ಮತ್ತೆ ಗಡಿಯಾರ ನೋಡುವುದು, ಇಷ್ಟೇ ನನ್ನ ಕೆಲಸವಾಗಿತ್ತು.

ಮಿಡಿಗೇಶಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ಹೊಂಗೆಮರದ ಹತ್ತಿರ ಗಾಡಿ ಪೂರ್ತಿ ನಿಂತಿತು. ಒಂದೂವರೆಯಾಗಿತ್ತು.

ಚಿಕ್ಕಪ್ಪ ಬಾನೆಟ್ ಎತ್ತಿ ತೋಳು ಇಳಿಸಿದ. ಮೊಣಕೈವರೆಗೆ ಹೋಯಿತು, ಮುಂದಕ್ಕೆ ಹೋಗಲಿಲ್ಲ. ಅದು ಮೊದಲು ಪೆಟ್ರೋಲ್ ಗಾಡಿ. ಅಪ್ಪ ಅದನ್ನು ಶಿರಾದ ಗ್ಯಾರೇಜಿಗೆ ಕೊಂಡುಹೋಗಿ ಡೀಸೆಲ್ ಇಂಜಿನ್ ಕೂರಿಸಿದ್ದರು. ಹೊಸ ಇಂಜಿನ್ ಹಳೆಯದಕ್ಕಿಂತ ಗೇಣುದ್ದ ಜಾಸ್ತಿ. ಹಾಗಾಗಿ ಫಿಲ್ಟರ್ ಇಂಜಿನ್ನಿನ ಬೆನ್ನಿಗೂ ಕ್ಯಾಬಿನ್ನಿನ ತಗಡಿಗೂ ನಡುವೆ ಸಿಕ್ಕಿಕೊಂಡಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಕೈಗೆ ಬೆರಳ ತುದಿಯಷ್ಟೇ ಸಿಗುತ್ತಿತ್ತು.

ಅಪ್ಪ ಹಿಂದಿನಿಂದ ಇಳಿದು ಬಂದು ಹತ್ತು ಮಾರು ದೂರದಲ್ಲಿ ನಿಂತು ಮಿಡಿಗೇಶಿ ಬೆಟ್ಟದ ಕಡೆ ನೋಡುತ್ತಿದ್ದರು. ಬೆಟ್ಟಕ್ಕೆ ಹೇಳುವಂತೆ ಹೇಳಿದರು:

“ಮುಂದಿಂದ ಆಗಕಿಲ್ಲ. ಸೀಟು ಬಿಚ್ಚಿ, ಕೆಳಗಿನ ತಗಡು ಎತ್ತಿ, ಒಳಗಿಂದ ಕೈ ಹಾಕ್ಬೇಕು ಅಂತ ಹೇಳು.”

ನಾನು ಹೇಳಿದೆ. ಚಿಕ್ಕಪ್ಪ ತಲೆ ಎತ್ತಲಿಲ್ಲ.

“ಅಲ್ಲಿ ಇಡಿಸಿದ ಪುಣ್ಯಾತ್ಮ ಯಾರು ಅಂತ ಕೇಳಮ್ಮ. ಗ್ಯಾರೇಜಿನ ಸಾಬರು ಮುಂದೆ ಇಡ್ತೀನಿ ಅಂದ್ರೆ, ಬ್ಯಾಡ, ಧೂಳು ಬೀಳ್ತದೆ, ಹಿಂದಕ್ಕಿಡು ಅಂದೋರು ಯಾರು ಅಂತ ಕೇಳು.”

“ಧೂಳು ಬಿತ್ತಾ ಅಂತ ಕೇಳು.”

ನಾನು ಇದಕ್ಕೆ ಬೆಲ್ಲ ಹಾಕಲಿಲ್ಲ. ಹಾಕುವ ವ್ಯವಧಾನವೂ ಇರಲಿಲ್ಲ. ಎರಡು ಗಂಟೆಯಾಗುತ್ತಿದೆ, ಯಾರಾದರೂ ಬಿಚ್ಚಿ ಅಂದೆ.

ಸೀಟಿನ ನಾಲ್ಕು ಬೋಲ್ಟಿನಲ್ಲಿ ಒಂದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದಕ್ಕೆ ಸೀಮೆಎಣ್ಣೆ ಬಿಡಬೇಕಾಯಿತು. ಸೀಮೆಎಣ್ಣೆ ನನ್ನ ಸ್ಟೌವಿನದು. ತಗಡು ಎತ್ತಿದ ಮೇಲೆ ಅಪ್ಪ ಚಿಕ್ಕಪ್ಪನ ಪಕ್ಕದಿಂದ ನುಗ್ಗಿ, ಅಂಗಿ ಬಿಚ್ಚಿ, ಕ್ಯಾಬಿನ್ನಿನಲ್ಲಿ ಮಂಡಿಯೂರಿ ಕೂತರು. ಅವರ ಕೈ ಸಣ್ಣದು. ಕಣ್ಣು ಮುಚ್ಚಿಕೊಂಡು ಆ ತೂತಿನೊಳಗೆ ತೋಳಿಳಿಸಿ ಬೆರಳಲ್ಲೇ ಹುಡುಕಿದರು. ಸ್ಪ್ಯಾನರ್ ಕಾಲು ಸುತ್ತು ತಿರುಗುತ್ತಿತ್ತು, ತೆಗೆದು ಮತ್ತೆ ಹಾಕಬೇಕು, ಮತ್ತೆ ಕಾಲು ಸುತ್ತು. ಹಳೆಯ ಫಿಲ್ಟರ್ ಹೊರಗೆ ಬಂದಾಗ ಕಾಫಿ ಚರಟದ ಹಾಗಿತ್ತು. ಹೊಸದನ್ನು ಕೂರಿಸಿ, ರಬ್ಬರ್ ವಾಷರ್ ಜಾರದಂತೆ ಬೆರಳಲ್ಲಿ ಒತ್ತಿ ಹಿಡಿದು ಬಿಗಿಮಾಡುವಷ್ಟರಲ್ಲಿ ಎರಡೂಮುಕ್ಕಾಲು.

ಇಷ್ಟಾದರೂ ಗಾಡಿ ಹೊರಡುವುದಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು. ಫಿಲ್ಟರ್ ಬಿಚ್ಚಿದಾಗ ಒಳಗೆ ಗಾಳಿ ಸೇರಿಕೊಂಡಿರುತ್ತದೆ, ಅದನ್ನು ತೆಗೆಯಬೇಕು. ಫಿಲ್ಟರಿನ ತಲೆಯ ಮೇಲೆ ಒಂದು ಸ್ಕ್ರೂ ಇದೆ. ಅದನ್ನು ಸಡಿಲಮಾಡುವವರು ಒಬ್ಬರು, ಇಂಜಿನ್ನಿನ ಪಕ್ಕದಲ್ಲಿ ಕೆಳಗಡೆ ಇರುವ ಕೈಪಂಪನ್ನು ಒತ್ತುವವರು ಇನ್ನೊಬ್ಬರು. ಒತ್ತುತ್ತಾ ಹೋದರೆ ಸ್ಕ್ರೂ ಪಕ್ಕದಿಂದ ನೊರೆ ಬರುತ್ತದೆ. ನೊರೆ ನಿಂತು ಬರಿಯ ಡೀಸೆಲ್ ಬಂದ ಕೂಡಲೇ, ಪಂಪನ್ನು ಒತ್ತಿ ಹಿಡಿದಿರುವಾಗಲೇ ಸ್ಕ್ರೂ ಬಿಗಿಯಬೇಕು. ಪಂಪು ಬಿಟ್ಟರೆ ಮತ್ತೆ ಗಾಳಿ.

ಚಿಕ್ಕಪ್ಪ ಗಾಡಿಯ ಕೆಳಗೆ ಅಂಗಾತ ಮಲಗಿದ. ಕೆಳಗೆ ನಾನು ಹೋಗುತ್ತೇನೆ, ಚಿಕ್ಕಪ್ಪ ಮೇಲಿಂದ ನೋಡಲಿ ಅಂದದ್ದಕ್ಕೆ ಇಬ್ಬರೂ ಒಪ್ಪಲಿಲ್ಲ. “ಡ್ಯೂಟಿಗೆ ಹೋಗೋಳು, ಹೊಸ ಸೀರೆ. ನೀನು ಹೇಳು ಸಾಕು,” ಅಂದ ಚಿಕ್ಕಪ್ಪ. ಒಳಗಿದ್ದವರಿಗೆ ಕೆಳಗಿದ್ದವನು ಕಾಣುತ್ತಿರಲಿಲ್ಲ. ಇಬ್ಬರ ನಡುವೆ ಒಂದು ಮೊಳ ದೂರ, ಒಂದು ತಗಡು. ನಾನು ತೆರೆದ ಬಾಗಿಲ ಪಕ್ಕ ನಿಂತೆ.

“ಒತ್ತಕ್ಕೆ ಹೇಳು,” ಅಂದರು ಅಪ್ಪ.

“ಚಿಕ್ಕಪ್ಪಾ, ಒತ್ತಬೇಕಂತೆ.”

ಟಕ್ಕು ಟಕ್ಕು ಸದ್ದು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಹಿಡ್ಕೊಳಕ್ಕೆ ಹೇಳು ಅಂದರು. ನಾನು ಬಗ್ಗಿ ಹೇಳುವಷ್ಟರಲ್ಲಿ ಚಿಕ್ಕಪ್ಪ ಪಂಪು ಬಿಟ್ಟಾಗಿತ್ತು. ಅಪ್ಪ ಬಿಗಿದುಬಿಟ್ಟಿದ್ದರು. ಕೀ ತಿರುಗಿಸುವ ಕೆಲಸ ನನ್ನದಾಗಿತ್ತು. ತಿರುಗಿಸಿದೆ. ಇಂಜಿನ್ ಎರಡು ಸಲ ಗುಡುಗಿ ಸತ್ತಿತು. ಗಾಳಿ ಇನ್ನೂ ಇತ್ತು. ಎರಡನೇ ಸಲ ಲಾರಿಯೊಂದು ಹಾದುಹೋಗಿ ನನ್ನ ಮಾತೇ ಕೆಳಗೆ ಮುಟ್ಟಲಿಲ್ಲ. ಮೂರನೇ ಸಲ ನಾನು ಅವಸರಪಟ್ಟು ಅಪ್ಪ ಹೇಳುವುದಕ್ಕೆ ಮುಂಚೆಯೇ ಹೇಳಿಬಿಟ್ಟೆ. ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ಬ್ಯಾಟರಿಯ ಸದ್ದು ಇಳಿಯುತ್ತಾ ಬಂತು. ಇನ್ನೊಂದು ಸಲ, ಬಹಳ ಅಂದರೆ ಎರಡು ಸಲ ಬರಬಹುದು ಅಂದ ಚಿಕ್ಕಪ್ಪ. ಆ ಹೊತ್ತಿನಲ್ಲಿ ಪಾವಗಡದ ಕಡೆ ಹೋಗುವ ಬಸ್ಸು ಇರಲಿಲ್ಲ. ಪಟ್ಟಿಯಲ್ಲಿ ನನ್ನ ಮುಂದಿನವರು ಯಾರಿರಬಹುದು, ಅವರಿಗೆ ಮದುವೆಯಾಗಿದೆಯೋ ಇಲ್ಲವೋ ಅಂತೆಲ್ಲ ನನ್ನ ತಲೆ ಓಡುತ್ತಿತ್ತು.

ಕುರಿ ಹೊಡೆದುಕೊಂಡು ಬಂದ ಮುದುಕನೊಬ್ಬ ಮರದ ನೆರಳಿನಲ್ಲಿ ಕಂಬಳಿ ಹಾಕಿ ಕೂತು ನಮ್ಮನ್ನೇ ನೋಡುತ್ತಿದ್ದ. ಎಲ್ಲಿಗೆ, ಯಾಕೆ ಎಂದು ಅರ್ಧ ತೆಲುಗಿನಲ್ಲಿ ವಿಚಾರಿಸಿಕೊಂಡಿದ್ದ. ಒಳಗಿನವರು ಹೇಳಿದ್ದನ್ನು ನಾನು ಮತ್ತೆ ಬಗ್ಗಿ ಹೇಳುವುದನ್ನು ಎರಡು ಮೂರು ಸಲ ನೋಡಿ ಮರುಕದಿಂದ ಕೇಳಿದ:

“ಪಾಪಂ, ಕೆಳಗಿರೋ ಆಯಪ್ಪಂಗೆ ಕಿವುಡಾ ಅಮ್ಮಾ?”

“ಯಾವನ್ಲಾ ಅವ್ನು ಕಿವುಡ ಅನ್ನೋನು?” ಗಾಡಿಯ ಕೆಳಗಿಂದ ಬಂತು.

“ಕೇಳ್ತದಾ? ಅಂಗಾದ್ರೆ ಒಳಗಿರೋ ಆಯಪ್ಪಂಗಾ?”

ಅಪ್ಪ ತೂತಿನಿಂದ ತಲೆ ಎತ್ತಿ ಅವನನ್ನು ನೋಡಿದರು. ನನಗೆ ನಗು ಬರಲಿಲ್ಲ. ಮೂರೂವರೆ ದಾಟಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನಿಂದ ಇನ್ನು ಆಗುವುದಿಲ್ಲ ಅಂದೆ. ನಾನು ಹೇಳಿ ಅವರು ಕೇಳುವಷ್ಟರಲ್ಲಿ ಗಾಳಿ ಒಳಗೆ ಹೋಗುತ್ತದೆ. ಇನ್ನೊಂದೇ ಸಲ ಬ್ಯಾಟರಿ ಇರುವುದು. ನಿಮಗೆ ಬೇಕಿದ್ದರೆ ನನ್ನ ಕೆಲಸ ಹೋಗಲಿ, ಬೇಡವಾದರೆ ನೀವೇ ಮಾಡಿಕೊಳ್ಳಿ. ಇಷ್ಟು ಹೇಳಿ ಲಕೋಟೆ ಹಿಡಿದುಕೊಂಡು ಹೋಗಿ ಮುದುಕನ ಪಕ್ಕ ಕಲ್ಲಿನ ಮೇಲೆ ಕೂತೆ.

ಕುರಿಗಳು ಹೊಂಗೆ ಎಲೆ ಮೂಸಿ ಬಿಟ್ಟವು. ಚಿಕ್ಕಪ್ಪನ ಎರಡು ಪಾದ ಮಾತ್ರ ಗಾಡಿಯ ಕೆಳಗಿಂದ ಕಾಣುತ್ತಿತ್ತು, ಹೆಬ್ಬೆರಳು ಅಲ್ಲಾಡುತ್ತಿತ್ತು. ಆಮೇಲೆ ಪಂಪಿನ ಸದ್ದು ಶುರುವಾಯಿತು, ಯಾರೂ ಹೇಳದೆ.

“ಮೆಲ್ಲಗೆ,” ಅಂದರು ಅಪ್ಪ.

ಸದ್ದು ನಿಧಾನವಾಯಿತು.

“ನೊರೆ ಐತೆ. ಇನ್ನೂ ಐತೆ. ಒತ್ತು.”

ನಾನು ಕಲ್ಲಿನ ಮೇಲೆ ಅಲ್ಲಾಡದೆ ಕೂತಿದ್ದೆ. ಮುದುಕ ಬೀಡಿ ಹಚ್ಚಲು ಹೋದವನು ಕಡ್ಡಿ ಹಿಡಿದುಕೊಂಡೇ ಇದ್ದ.

“ಹಿಡ್ಕೊ. ಬುಡಬ್ಯಾಡ.”

“ಹಿಡ್ದಿವ್ನಿ.”

“ಬುಡಬ್ಯಾಡ ಕಣ್ಲಾ.”

“ಹಿಡ್ದಿವ್ನಿ ಅಂದ್ನಲ್ಲಣ್ಣ, ನೀನು ಬಿಗಿ ಮೊದ್ಲು.”

ಬಿಗಿದರು. ನಾನು ಓಡಿಹೋಗಿ ಕೀ ತಿರುಗಿಸಿದೆ. ಸೆಲ್ಫ್ ನರಳಿತು, ನಿಂತೇಹೋಯಿತು ಅನ್ನುವಾಗ ಇಂಜಿನ್ ಹಿಡಿದುಕೊಂಡಿತು. ಕಪ್ಪು ಹೊಗೆ ಕುರಿಗಳ ಮೇಲೆ ಹೋಯಿತು. ತಗಡನ್ನು ಹಾಗೇ ಮುಚ್ಚಿ, ಸೀಟಿಗೆ ಎರಡೇ ಬೋಲ್ಟು ಹಾಕಿ ಹೊರಟೆವು. ನಾಲ್ಕಕ್ಕೆ ಐದು ನಿಮಿಷ ಇತ್ತು.

ಅಪ್ಪ ಹಿಂದೆಯೇ ಹತ್ತಿದ್ದರು. ಕ್ಯಾಬಿನ್ನಿನ ಹಿಂದೆ ಒಂದು ಚಿಕ್ಕ ಕಿಟಕಿ ಇದೆ, ಗಾಜು ಇರಲಿಲ್ಲ. ಒಂದು ಮೈಲಿ ಹೋಗಿರಬೇಕು, ಅದರಿಂದ ಅಪ್ಪನ ದನಿ ಬಂತು. ಫಿಲ್ಟರನ್ನು ಎಷ್ಟು ದಿನಕ್ಕೆ ಬದಲಾಯಿಸುತ್ತೀಯ ಅಂತ ಕೇಳಿದರು. ಚಿಕ್ಕಪ್ಪ ರಸ್ತೆ ನೋಡುತ್ತಲೇ, ಅದನ್ನು ಮನುಷ್ಯರ ಕೈಗೆ ಸಿಗುವ ಕಡೆ ಇಟ್ಟಿದ್ದರೆ ಬದಲಾಯಿಸುತ್ತಿದ್ದೆ ಅಂದ. ಗಾಡಿಯನ್ನು ನೋಡಿಕೊಳ್ಳಲು ಆಗದಿದ್ದವನು ಯಾಕೆ ಇಟ್ಟುಕೊಂಡೆ ಅಂದರು ಅಪ್ಪ.

ಚಿಕ್ಕಪ್ಪ ಗಾಡಿಯನ್ನು ನಿಧಾನ ಮಾಡಿದ. ನಾನು ಅವನ ಕೈ ಅಲ್ಲಾಡಿಸಿ ಗಡಿಯಾರ ತೋರಿಸಿದೆ, ಮತ್ತೆ ಜೋರು ಮಾಡಿದ. ಜೋರು ಮಾಡಿದ್ದರಿಂದ ಕೂಗಿ ಹೇಳಬೇಕಾಯಿತು:

“ಪಾಲಿನ ದಿವ್ಸ ನೀನೇ ಇಟ್ಕೊ ಅಂದೆಯಲ್ಲ!”

“ನಾಕು ಜನದ ಮುಂದೆ ಅನ್ನದೆ ಇನ್ನೇನು? ನೀನು ಬ್ಯಾಡ ಅಣ್ಣ ಅಂತೀಯ ಅನ್ಕೊಂಡೆ. ಇಟ್ಕೊಂಡ್ಬುಟ್ಟೆ.”

“ಬೇಕು ಅಂತ ಬಾಯಿ ಬುಟ್ಟು ಹೇಳಿದ್ರೆ ಕೊಡ್ತಿರಲಿಲ್ವಾ ನಾನು?”

“ಬಾಯಿ ಬುಟ್ಟು ಕೇಳ್ಬೇಕಾ ನಾನು ನಿನ್ನ?”

ಮೂರು ವರ್ಷ ಇಬ್ಬರ ಮಾತನ್ನೂ ಹೊತ್ತವಳಿಗೆ ಈ ಮಾತು ಒಮ್ಮೆಯೂ ಸಿಕ್ಕಿರಲಿಲ್ಲ. ಪಾವಗಡದ ಬೆಟ್ಟ ಕಾಣುವವರೆಗೂ ನನ್ನ ತಲೆಯ ಮೇಲಿಂದ ಹಿಂದಕ್ಕೂ ಮುಂದಕ್ಕೂ ಹೋಯಿತು ಅದು. ಗೋಡೆಯ ವಿಷಯ ಬಂತು, ಬಾವಿ ಮೋಟರಿನ ವಿಷಯ ಬಂತು, ನಾನು ಬೆಲ್ಲ ಹಾಕಿ ಹೇಳಿದ್ದ ಒಂದೆರಡು ಮಾತೂ ಬಂದವು. ‘ನಾನು ಅಂಗೆ ಅಂದೇ ಇಲ್ಲ’ ಅಂದರು ಇಬ್ಬರೂ. ಆಗ ನಾನು ಹೊಲ ನೋಡುತ್ತಿದ್ದೆ.

ಕಚೇರಿ ಮುಂದೆ ಇಳಿದಾಗ ಐದೂಕಾಲು. ಟ್ರಂಕು ಗಾಡಿಯಲ್ಲೇ ಬಿಟ್ಟು ಒಳಗೆ ಓಡಿದೆ. ಹೆಡ್‌ಕ್ಲಾರ್ಕು ಬೀರುವಿಗೆ ಬೀಗ ಹಾಕುತ್ತಿದ್ದರು. ಲಕೋಟೆ ನೋಡಿ, ಕೊನೆಯ ದಿನದ ಕೊನೆಯ ಗಳಿಗೆಗೆ ಬಂದಿದ್ದೀಯಲ್ಲಮ್ಮ ಅಂತ ಗೊಣಗುತ್ತಾ ಬೀಗ ತೆಗೆದು ಪುಸ್ತಕ ಹೊರಗೆ ತೆಗೆದರು. ಕಿಟಕಿಯಾಚೆ ಅಪ್ಪ ಗಾಡಿಯ ಆಚೆ, ಚಿಕ್ಕಪ್ಪ ಈಚೆ, ನಡುವೆ ಬಾನೆಟ್ಟು. ಇಬ್ಬರೂ ಒಟ್ಟಿಗೇ ಕೂಗುತ್ತಿದ್ದರು. ಎದುರಿನ ಹೋಟೆಲಿನವರು ಹೊರಗೆ ಬಂದು ನಿಂತಿದ್ದರು.

“ಯಾರಮ್ಮ ಅವರು?”

“ನಮ್ಮಪ್ಪ, ಚಿಕ್ಕಪ್ಪ ಸಾರ್.”

“ಏನಂತೆ ಗಲಾಟೆ?”

“ಗಲಾಟೆ ಅಲ್ಲ ಸಾರ್. ಮಾತಾಡ್ತಿದಾರೆ.”

ಅವರು ಒಂದು ಗಳಿಗೆ ಹೊರಗೆ ನೋಡಿ ಪೆನ್ನು ನನ್ನ ಕಡೆ ತಳ್ಳಿದರು. ಹಾಜರಾದ ದಿನಾಂಕ ಬರೆದೆ, ಮುಂದೆ ಅಪರಾಹ್ನ ಅಂತ ಬರೆದೆ, ಸಹಿ ಮಾಡಿದೆ.