ಗಿರಾಕಿಯ ಮುಂದೆ ಊಟ

ನಮ್ಮದು ಸೊಲ್ಲಾಪುರದ ಪೇಟೆಯಲ್ಲಿ ಚಾದರ, ಟಾವೆಲ್ಲುಗಳ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಒಂದು ಟಾವೆಲ್ ಸಾಕು ಎಂದು ಬಂದವರಿಗೆ ಬೀಗರಿಗೆಲ್ಲ ಹೊದಿಸುವಷ್ಟು ಚಾದರ ಕಟ್ಟಿಕೊಟ್ಟು ಕಳಿಸಿದ ಹೆಸರು ನನ್ನದು. ಇಂಥ ನನಗೆ ನೀರು ಕುಡಿಸಿದವಳು ನನ್ನ ಮಗಳು. ಹತ್ತು ತಿಂಗಳ ಕೂಸು. ಮೇಲೆ ಎರಡು, ಕೆಳಗೆ ಎರಡು ಹಲ್ಲು. ಆ ಹಲ್ಲುಗಳನ್ನು ನನ್ನ ಹೆಗಲು, ಚಪ್ಪಲಿಯ ಬಾರು, ಅಂಗಡಿಯ ಅಳತೆ ಟೇಪು ಕಚ್ಚಲು ಬಳಸುತ್ತಿದ್ದಳೇ ಹೊರತು ಊಟಕ್ಕಲ್ಲ.

ಆರಂಭವೇನೋ ಚೆನ್ನಾಗಿಯೇ ಇತ್ತು. ಆರು ತಿಂಗಳಾದಾಗ ಉಷ್ಟಾವಣ, ಅಂದರೆ ಅನ್ನಪ್ರಾಶನ, ಮಾಡಿದೆವು. ನಮ್ಮ ಕಡೆ ಕೂಸಿಗೆ ಮೊದಲ ತುತ್ತು ಕೊಡುವ ಹಕ್ಕು ಸೋದರಮಾವನದು. ನನ್ನ ಹೆಂಡತಿಯ ಅಣ್ಣ ನಾಗಣಸೂರಿನಿಂದ ಬಂದು, ತಮ್ಮ ಹೊಲದ ಗೋಧಿಯ ಹುಗ್ಗಿಯನ್ನು ಬೆಳ್ಳಿ ಚಮಚದಲ್ಲಿ ನಾಲಿಗೆಗೆ ಮುಟ್ಟಿಸಿದ. ಕೂಸು ಚಪ್ಪರಿಸಿತು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆಮೇಲೆ ನಾವು ಮಿಕ್ಸರ್ ಹಿಡಿದೆವು. ಬೇಳೆ, ಅನ್ನ, ಗಜ್ಜರಿ, ಕುಂಬಳಕಾಯಿ, ಸಿಕ್ಕಿದ್ದನ್ನೆಲ್ಲ ಗರ್ರನೆ ತಿರುಗಿಸಿ, ಗೋಡೆಗೆ ಬಳಿಯುವ ಸುಣ್ಣದ ಹದಕ್ಕೆ ತಂದು ನುಂಗಿಸಿದೆವು. ಅದರಲ್ಲಿ ಒಂದು ಅಗುಳು ಉಳಿದಿದ್ದರೂ ಮಗಳು ಕಣ್ಣು ತೇಲಿಸಿ, ಓಕರಿಸಿ, ಮನೆಯವರ ಜೀವ ಬಾಯಿಗೆ ತರುತ್ತಿದ್ದಳು. ಹೆದರಿ ಮತ್ತೆ ಮಿಕ್ಸರ್‌ಗೆ ಓಡುತ್ತಿದ್ದೆವು. ಆ ಗಂಜಿಯನ್ನಾದರೂ ತಾಯಿಯ ಕೈಯಿಂದ ಮಾತ್ರ ತಿನ್ನುತ್ತಿದ್ದಳು. ಮಧ್ಯಾಹ್ನ ಅದೂ ಬೇಡ, ಮೊಲೆಹಾಲೇ ಆಗಬೇಕು.

ಇದರಲ್ಲಿ ಸಿಕ್ಕಿಬಿದ್ದವಳು ನನ್ನ ಹೆಂಡತಿ. ಆಕೆಗೆ ಬ್ಯಾಂಕಿನಲ್ಲಿ ನೌಕರಿ. ಹೊಲದ ಬದುವಿನ ಮೇಲೆ ಕೂತು ಓದಿ, ಪರೀಕ್ಷೆ ಬರೆದು ಗಿಟ್ಟಿಸಿಕೊಂಡದ್ದು. ಹೆರಿಗೆಯ ರಜೆಯನ್ನು ಒಮ್ಮೆ ಮುಂದುವರಿಸಿದ್ದಾಗಿತ್ತು, ಇನ್ನೊಮ್ಮೆ ಮುಂದುವರಿಸಲು ಸಾಹೇಬರು ಒಪ್ಪಿರಲಿಲ್ಲ. ಬರುವ ಸೋಮವಾರ ಹಾಜರಾಗಬೇಕು, ಇಲ್ಲವೇ ನೌಕರಿ ಬಿಡಬೇಕು. ನನ್ನ ಅವ್ವ ತೀರಿಕೊಂಡು ವರ್ಷಗಳಾದವು. ಹಗಲು ಮನೆಯಲ್ಲಿ ಉಳಿಯುವವರು ನಾನು ಮತ್ತು ಅಂಗಡಿಯ ಗಾದಿಯ ಮೇಲೆ ಕೂತ ನನ್ನ ಅಪ್ಪ.

"ಮಧ್ಯಾಹ್ನ ಆಕಿ ಏನೂ ಉಣ್ಣಲಿಲ್ಲಂದ್ರ ನಾ ಹೆಂಗ ಹೋಗ್ಲಿರಿ? ಸಂಜಿತನಕ ಕೂಸಿನ್ನ ಉಪಾಸ ಇಡ್ಲೇನು?" ಎಂದು ಹೆಂಡತಿ ಕೇಳಿದಳು.

"ನಾ ಉಣಸ್ತೀನಿ. ಎಂತೆಂಥಾ ಗಿರಾಕಿನ್ನ ಪಟಾಯ್ಸೀನಿ, ಇಕಿ ಯಾವ ಲೆಕ್ಕ?" ಅಂದೆ.

"ಇಕಿ ನಿಮ್ಮ ಗಿರಾಕಿ ಅಲ್ರಿ," ಎಂದು ಒಳಗೆ ಹೋದಳು. ನಗಲಿಲ್ಲ. ಆಗ ನನಗೆ ಸ್ವಲ್ಪ ಭಯವಾಯಿತು, ಆದರೆ ಆಡಿದ ಮಾತು ಆಡಿಯಾಗಿತ್ತು.

ಆ ವಾರವಿಡೀ ನಾನು ವ್ಯಾಪಾರ ಮಾಡಿದೆ. ಅಡುಗೆಮನೆಯ ಮುಂದೆ ಚಾದರ ಹಾಸಿ, ಮಗಳನ್ನು ಕೂರಿಸಿ, ಮೆತ್ತಗೆ ಬೇಯಿಸಿದ ಗಜ್ಜರಿ, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಬಾಳೆಹಣ್ಣು ಎಲ್ಲ ಸಾಲಾಗಿ ಇಟ್ಟೆ. "ಇದು ನೋಡವ್ವಾ, ಭಾಳ ಛಲೋ ಮಾಲ ಐತಿ." ಬೇರೆ ಬಣ್ಣ ತೋರಿಸಿ ಎನ್ನುವ ಗಿರಾಕಿಯಂತೆ ಅವಳು ತಲೆ ಅಲ್ಲಾಡಿಸಿದಳು. ಪಾರಿವಾಳ ತೋರಿಸಿದೆ, ಮೊಬೈಲಿನಲ್ಲಿ ಹಾಡು ಹಾಕಿದೆ, ಚಮಚವನ್ನು ಎಸ್‌ಟಿ ಬಸ್ಸು ಮಾಡಿ, ಹಾರ್ನ್ ಹೊಡೆದು ಬಾಯಿಯ ಸ್ಟ್ಯಾಂಡಿಗೆ ತಂದೆ. ಬಾಗಿಲು ಬಂದ್. ಒಂದು ಕಡೆ ನಾನು, ಇನ್ನೊಂದು ಕಡೆ ಹೆಂಡತಿ, ಪರದೆ ಸರಿಸಿ ಇಣುಕುವ ಅಪ್ಪ, ಮೂವರ ಕಣ್ಣೂ ಆ ಒಂದು ಬಾಯಿಯ ಮೇಲೆ. "ತುಗೊಂಡಳೇನು?" ಎಂದು ಅಪ್ಪ ಕೇಳುವುದು, "ಇಲ್ರಿ" ಎಂದು ನಾವು ಹೇಳುವುದು.

ಶುಕ್ರವಾರ ಹೇಗೋ ಒಂದು ತುತ್ತು ಅನ್ನ ಒಳಗೆ ಹೋಯಿತು. ಬಹಳ ಹೊತ್ತು ಅದನ್ನು ಗಲ್ಲದಲ್ಲಿ ಇಟ್ಟುಕೊಂಡಿದ್ದು, ಅಂಗಡಿಗೆ ಆಗಷ್ಟೇ ಬಂದಿದ್ದ ಬಿಳಿ ಟಾವೆಲ್ಲಿನ ಮೇಲೆ ಉಗುಳಿದಳು. ನನಗೆ ಸಿಟ್ಟು ಬೇಗ. "ಏನ ಹಟಾ ಲೇ ನಿಂದು!" ಎಂದು ಗದರಿದೆ. ಅವಳ ಕೆಳತುಟಿ ಮುಂದೆ ಬಂತು, ಆಮೇಲೆ ಅಳು. ಹೆಂಡತಿ ಕೂಸನ್ನು ಎತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, "ಸೋಮವಾರ ಸಾಹೇಬರಿಗೆ ಫೋನ್ ಮಾಡಿ ಆಗೂದಿಲ್ಲಂತ ಹೇಳ್ತೀನ್ರಿ," ಅಂದಳು. ಎಷ್ಟು ಸಲೀಸಾಗಿ ಅಂದಳೆಂದರೆ, ಆ ಮಾತನ್ನು ಎಷ್ಟು ದಿನದಿಂದ ಒಳಗೇ ತಿದ್ದಿ ತೀಡಿ ಇಟ್ಟಿದ್ದಳೋ ಎನ್ನಿಸಿತು.

ಮಾರನೆಯ ದಿನ ಅಂಗಡಿಯನ್ನು ಅಪ್ಪನಿಗೆ ಬಿಟ್ಟು ಅಕ್ಕಲಕೋಟೆಗೆ ಹೊರಟೆವು. ಸ್ವಾಮಿಗಳ ದರ್ಶನವಾದರೆ ಮನಸ್ಸಿಗೆ ಸಮಾಧಾನ ಎಂದು ಹೆಂಡತಿಯ ಲೆಕ್ಕ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಗುಡಿಯಲ್ಲಿ ಅದಕ್ಕಿಂತ ಗರ್ದಿ. ದರ್ಶನ ಮುಗಿಸಿ ಹೊರಗೆ ಬಂದು ಚೀಲ ತೆಗೆದರೆ ಮಗಳ ಗಂಜಿಯ ಡಬ್ಬಿ ಇಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ತಣ್ಣಗೆ ಕೂತಿತ್ತು ಅದು.

"ನಿಮಗ ಹೇಳಿದ್ನಿಲ್ರಿ ಇಟ್ಕೋರಿ ಅಂತ?"

"ನೀ ಇಟ್ಟೀದಿ ಅಂದ್ಕೊಂಡಿದ್ದೆ."

ಜಗಳವಾಡಲೂ ತ್ರಾಣವಿರಲಿಲ್ಲ. ಹಸಿವಿಗೆ ನಮ್ಮಿಬ್ಬರ ಮುಖವೂ ಇಳಿದುಹೋಗಿತ್ತು. "ಮೊದಲ ನಾವು ಉಣ್ಣೂಣು, ಆಮ್ಯಾಲೆ ಆಕಿಗೆ ಹಾಲು ಕೊಡು," ಎಂದು ಅನ್ನಛತ್ರದ ಸಾಲಿನಲ್ಲಿ ನಿಂತೆವು. ಒಳಗೆ ಉದ್ದಕ್ಕೂ ಪಂಗತಿ. ಎದುರಿಗೆ ಸಾಲು, ಹಿಂದೆ ಸಾಲು, ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು. ನನ್ನ ತೊಡೆಯ ಮೇಲೆ ಮಗಳು. ತಾಟಿಗೆ ಬಿಸಿ ಅನ್ನ, ತೊಗರಿಬೇಳೆಯ ವರಣ, ಕುಂಬಳಕಾಯಿ ಪಲ್ಯ, ಚಪಾತಿ ಬಿದ್ದವು. ನಿಜ ಹೇಳಬೇಕೆಂದರೆ ಆಗ ನನಗೆ ಮಗಳ ನೆನಪೇ ಇರಲಿಲ್ಲ. ಅನ್ನ ಕಲಸಿದೆ, ಗಬಗಬ ತಿಂದೆ.

ನಾಲ್ಕು ತುತ್ತು ಇಳಿದ ಮೇಲೆ ಗಮನಿಸಿದೆ. ಅವಳು ಕತ್ತು ಹಿಂದಕ್ಕೆ ತಿರುಗಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ತಾಯಿಯ ಬಾಯಿ. ಆಮೇಲೆ ಎದುರು ಸಾಲಿನಲ್ಲಿ ಕಣ್ಣು ಮುಚ್ಚಿ ಅಗಿಯುತ್ತಿದ್ದ ಒಬ್ಬ ಅಜ್ಜನ ಬಾಯಿ. ಅಷ್ಟು ಜನರಲ್ಲಿ ಒಬ್ಬರೂ ಅವಳ ಕಡೆ ನೋಡುತ್ತಿರಲಿಲ್ಲ. ಅವಳ ಕೈ ಮೆಲ್ಲಗೆ ನನ್ನ ತಾಟಿಗೆ ಇಳಿಯಿತು. ವರಣದ ಅನ್ನ ಮುಷ್ಟಿಯಲ್ಲಿ ಸಿಕ್ಕಿತು, ಅರ್ಧ ಗದ್ದಕ್ಕೆ, ಅರ್ಧ ಬಾಯಿಗೆ. ಅಗುಳು ಅಗುಳಾಗಿದ್ದ ಅನ್ನ! ದವಡೆ ಆಡಿತು. ಒಮ್ಮೆ ಓಕರಿಸಿದಳು. ನಾನು ಎದ್ದೇ ಬಿಡುತ್ತಿದ್ದೆ, ಹೆಂಡತಿ ನನ್ನ ಮುಂಗೈ ಹಿಡಿದಳು.

"ನೋಡಬ್ಯಾಡ್ರಿ. ನೀವು ಉಣ್ರಿ."

ಉಂಡೆ. ಓರೆಗಣ್ಣಿನಿಂದ ನೋಡಿದರೆ ಮಗಳು ನುಂಗಿ, ಕುಂಬಳಕಾಯಿಯ ಹೋಳಿಗೆ ಕೈಹಾಕಿದ್ದಳು. ಹೆಂಡತಿಯ ಕಣ್ಣಲ್ಲಿ ನೀರು. ಬಡಿಸುವವನು ಬಂದು, "ತಿಖಟ ಝಾಲಂ ಕಾ, ತಾಯಿ?" ಎಂದು ಕೇಳಿದ. ಖಾರವಾಗಿಲ್ಲ ಎಂದು ಆಕೆ ತಲೆ ಅಲ್ಲಾಡಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಆಕೆಯೇ ಕೇಳಿದಳು: "ಆಕಿ ನೀವು ಊಟಾ ಮಾಡೂದು ಇವತ್ತಿನತನಕ ನೋಡ್ಯಾಳೇನ್ರಿ?"

ಯೋಚಿಸಿದೆ. ನೋಡಿರಲಿಲ್ಲ. ನಮ್ಮ ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ: ಗಿರಾಕಿಯ ಕಣ್ಣಿಗೆ ಬೀಳುವಂತೆ ಉಣ್ಣಬಾರದು. ಉಣ್ಣುವುದನ್ನು ಕಂಡ ಗಿರಾಕಿ, "ಆಗ್ಲಿ, ನಿಮ್ಮ ಊಟಾ ಆಗ್ಲಿ" ಎಂದು ಸಂಕೋಚದಿಂದ ಪಕ್ಕದ ಅಂಗಡಿಗೆ ಹೋಗಿಬಿಡುತ್ತಾನೆ. ಹಾಗಾಗಿ ನಾವು ಒಬ್ಬೊಬ್ಬರೇ, ಪರದೆಯ ಹಿಂದೆ, ಕಟ್ಟೆಯ ಮೇಲೆ ತಾಟಿಟ್ಟು, ಕಿವಿಯನ್ನು ಅಂಗಡಿಯಲ್ಲಿಟ್ಟು, ನಿಂತೇ ಉಣ್ಣುವವರು. ಹೆಂಡತಿ ಉಣ್ಣುವುದು ಕೂಸು ಮಲಗಿದ ಮೇಲೆ. ಅನ್ನ ಎಂದರೆ ದೊಡ್ಡವರು ತಮ್ಮ ಬಾಯಿಗೆ ಎಂದೂ ಹಾಕಿಕೊಳ್ಳದ, ಅವಳ ಬಾಯಿಗೆ ಮಾತ್ರ ತುರುಕಲು ಬರುವ ಪದಾರ್ಥ ಎಂದೇ ಅವಳು ತಿಳಿದಿರಬೇಕು. ಅಂಗಡಿಯವನೇ ಹೊದೆಯದ ಚಾದರವನ್ನು ನಾನಾದರೂ ಕೊಳ್ಳುತ್ತಿದ್ದೆನೇ?

ಸೋಮವಾರ ಹೆಂಡತಿ ಹೊರಟಳು. ಹೊಸ್ತಿಲು ದಾಟಿ ಮತ್ತೆ ಬಂದಳು, ಮತ್ತೆ ದಾಟಿದಳು. "ಉಣ್ಣಲಿಲ್ಲಂದ್ರ ಫೋನ್ ಮಾಡ್ರಿ, ನಾ ಬಿಟ್ಟು ಬರ್ತೀನಿ," ಅಂದಳು. ಯಾವುದನ್ನು ಬಿಟ್ಟು ಎಂದು ನಾನು ಕೇಳಲಿಲ್ಲ.

ಮಧ್ಯಾಹ್ನ ಪರದೆಯ ಹಿಂದೆ ಚಾದರ ಹಾಸಿ ಒಂದೇ ತಾಟಿನಲ್ಲಿ ಇಬ್ಬರಿಗೂ ಬಡಿಸಿಕೊಂಡು ಕೂತೆ. ಬೇಳೆಯಲ್ಲಿ ನೆನೆಸಿದ ಮೆತ್ತನೆ ರೊಟ್ಟಿ. ನಾನು ತಿಂದೆ, ಅವಳ ಕಡೆ ನೋಡಲಿಲ್ಲ. ಅವಳು ಎರಡು ತುತ್ತು ತಿಂದಳು. ಆಮೇಲೆ ನಿಲ್ಲಿಸಿದಳು. ಅತ್ತ ಇತ್ತ ನೋಡಿದಳು. ಅಕ್ಕಲಕೋಟೆಯ ಪಂಗತಿ ಎಲ್ಲಿ ಎಂದು ಹುಡುಕಿದಂತಿತ್ತು. ಅಷ್ಟರಲ್ಲಿ ಪರದೆಯ ಆಚೆಯಿಂದ ಅಪ್ಪನ ದನಿ ಕೇಳಿತು. ಮುಷ್ಟಿಯಲ್ಲಿ ರೊಟ್ಟಿ ಹಿಡಿದು ಅಂಬೆಗಾಲಿಕ್ಕುತ್ತ ಅವಳು ಪರದೆಯ ಕೆಳಗಿಂದ ನುಸುಳಿದಳು. ನಾನು ಎಂಜಲು ಕೈಯಲ್ಲೇ ಹಿಂದೆ ಓಡಿದೆ.

ಅಪ್ಪ ಇಬ್ಬರು ಹೆಂಗಸರಿಗೆ ಚಾದರ ಬಿಚ್ಚಿ ತೋರಿಸುತ್ತಿದ್ದರು. ಮಗಳು ಅಪ್ಪನ ಮೊಣಕಾಲು ಹಿಡಿದು ನಿಂತು, ಹಿಂಡಿ ಹಿಪ್ಪೆಯಾದ ರೊಟ್ಟಿಯನ್ನು ಅವರ ಮುಖದತ್ತ ಚಾಚಿದಳು. ಬೇಳೆ ಅಪ್ಪನ ಬಿಳಿ ಧೋತರದ ಮೇಲೆ ತೊಟ್ಟಿಕ್ಕಿತು. ಅಪ್ಪ ಗಿರಾಕಿಗಳನ್ನು ನೋಡಿದರು, ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಅವಳು ಕೈ ಇಳಿಸಲಿಲ್ಲ. ಇಡೀ ಆಯುಷ್ಯ ಆ ಗಾದಿಯ ಮೇಲೆ ಒಂದು ಶೇಂಗಾ ಕಾಳನ್ನೂ ಬಾಯಿಗೆ ಹಾಕಿಕೊಳ್ಳದ ಮನುಷ್ಯ ಬಗ್ಗಿ, ಬಾಯಿ ತೆರೆದರು.

ಮಗಳು ಅವರು ಅಗಿಯುವುದನ್ನು ನೋಡಿ, ಕೈಯಲ್ಲಿ ಉಳಿದದ್ದನ್ನು ತನ್ನ ಬಾಯಿಗೆ ಹಾಕಿಕೊಂಡಳು.

"ನಿಮ್ಮ ಊಟಾ ಆಗ್ಲಿರಿ, ನಾವು ಆಮ್ಯಾಲೆ ಬರ್ತೀವಿ," ಎಂದು ಹೆಂಗಸರು ಎದ್ದರು. ನಾನು ಅವರನ್ನು ತಡೆಯಲು ಬಾಯಿ ತೆರೆದೆ.

"ಹೋಗ್ಲಿ ಬಿಡು ತಮ್ಮಾ," ಎಂದರು ಅಪ್ಪ. "ಶಟರ್ ಅರ್ಧ ಇಳಸು. ನಂದೊಂದು ತಾಟು ತಗೊಂಡು ಬಾ."

ಗಾದಿಯ ಮೇಲೆಯೇ ಮೂವರೂ ಕೂತೆವು. ಹೆಂಡತಿಯ ಫೋನು ಬಂತು. ಹಿಂದೆ ಬ್ಯಾಂಕಿನ ಗದ್ದಲ ಕೇಳುತ್ತಿತ್ತು. "ಏನಾತ್ರಿ? ಉಂಡಳೇನು?"

"ಉಂಡಳು. ಇನ್ನೂ ಉಣ್ಣಾಕತ್ತಾಳ. ನೀ ಸಂಜೀಕ ಸಾವಕಾಶ ಬಾ," ಅಂದೆ. ಆಮೇಲೆ, "ನೀವು ಉಂಡ್ರೇನ್ರಿ?" ಎಂದು ಕೇಳಿದಳು.

ಉಣ್ಣುತ್ತಿದ್ದೆ, ಆದರೆ ನನ್ನ ಕಣ್ಣು ಮಗಳ ಮೇಲೆ ಇರಲಿಲ್ಲ, ಅಪ್ಪನ ಮೇಲಿತ್ತು. ನನಗೆ ನಲವತ್ತು ಹತ್ತಿರ ಬಂತು. ಅಪ್ಪ ಎಡಗಡೆಯ ಹಲ್ಲಿನಿಂದ ಮಾತ್ರ ಅಗಿಯುತ್ತಾರೆ ಎಂದು ನನಗೆ ಗೊತ್ತಾದದ್ದು ಅವತ್ತೇ.